ಕುಪ್ಪಸದ ಹಳದಿ ಗಂಟು

“ನನ್ನ ಪುಸ್ತಕ ಕಳುವಾಗೈತಿ!”

ಅಂಗಡಿಯ ಕಟ್ಟೆ ಹತ್ತುವ ಮೊದಲೇ ದಾಕ್ಷಾಯಣಮ್ಮ ಟೀಚರು ಕೂಗಿದರು. ಆದರೆ ಪುಸ್ತಕ ಅವರ ಕೈಯಲ್ಲೇ ಇತ್ತು! ಕೆಂಪು ಬಟ್ಟೆಯ ಹೊದಿಕೆಯ ದಪ್ಪ ನೋಟ್‌ಬುಕ್ಕು. ನಾನು ಕಣ್ಣುಜ್ಜಿಕೊಂಡು ನೋಡಿದೆ.

“ಇಲ್ಲೇ ಐತಲ್ರೀ ಟೀಚರಮ್ಮ?”

“ಹೊದಿಕಿ ಅಷ್ಟೇ ನಂದು, ಎರ್ರಿಸ್ವಾಮಿ. ಒಳಗಿನದು ನಂದಲ್ಲ. ತಗದು ನೋಡ್ರಿ.”

ತೆಗೆದೆ. ಮೊದಲ ಹಾಳೆ ಖಾಲಿ. ಎರಡನೆಯದು ಖಾಲಿ. ಕೊನೆಯವರೆಗೂ ಖಾಲಿ.

ಇದು ಎಪ್ಪತ್ತನಾಲ್ಕನೆಯ ಇಸವಿಯ ಮಾತು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನನ್ನದು ಗುಂಡಿ, ಹುಕ್ಕು, ದಾರದ ಅಂಗಡಿ. ಅದೇ ಕಟ್ಟೆಯ ಮೇಲೆ ಹುಲುಗಪ್ಪನ ಹೊಲಿಗೆ ಮೆಷಿನ್ನು. ಪೇಟೆಯಲ್ಲಿ ಏನು ಕಳೆದರೂ ಜನ ಮೊದಲು ಬರುವುದು ಹುಲುಗಪ್ಪನ ಹತ್ತಿರ. “ನಾನು ದರ್ಜಿ. ಹೊಲಿಗಿ ಎಲ್ಲಿ ಬಿಚ್ಚೈತಿ ಅಂತ ನೋಡೋದೊಂದು ಗೊತ್ತು” ಎನ್ನುತ್ತಾನೆ. ಆದರೆ ಕಳ್ಳನನ್ನು ಹಿಡಿದುಕೊಡುತ್ತಾನೆ. ನಾನಿಲ್ಲದೆ ಅವನಿಗೆ ಒಂದೂ ಕೆಲಸ ಆಗುವುದಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅವನು ಮಾತ್ರ ಯಾರಿಗೂ ಹೇಳುವುದಿಲ್ಲ.

ಹುಲುಗಪ್ಪ ಮೆಷಿನ್ನು ನಿಲ್ಲಿಸಿದ. “ಕುಂದರ್ರಿ, ಟೀಚರಮ್ಮ. ಏನು ಪುಸ್ತಕ ಅದು?”

“ಒಂಬತ್ತು ವರ್ಷ ಕುಂತು ಬರದೀನಿ. ನಾನು ಕಲಿಸೋ ಕುರುಗೋಡಿನ ಸಾಲಿಯೊಳಗ ನಮ್ಮ ಹುಡುಗ್ಯಾರು ಇಂಗ್ಲಿಷಿಗೆ ಹೆದರಿ ಸಾಲಿ ಬಿಡ್ತಾರ. ‘ಬದಲು’ ಅನ್ನಾಕ ಇಂಗ್ಲಿಷಿನಾಗ ಎಷ್ಟು ಮಾತದಾವ ನೋಡ್ರಿ! ಚೇಂಜ್, ಆಲ್ಟರ್, ರಿಪ್ಲೇಸ್, ಕನ್ವರ್ಟ್. ಯಾವುದನ್ನ ಎಲ್ಲಿ ಹಚ್ಚಬೇಕು? ಬಟ್ಟಿ ತಗದು ಬ್ಯಾರೆ ಉಟ್ರ ಚೇಂಜ್. ಅದೇ ಬಟ್ಟಿ ಬಿಚ್ಚಿ ಮೈಗೆ ಸರಿಮಾಡಿಸಿದ್ರ ಆಲ್ಟರ್. ಹಿಂಗ ಒಂದೊಂದು ಮಾತಿಗೂ ನಮ್ಮ ಮನ್ಯಾಗ ನಡದದ್ದನ್ನೇ ಉದಾಹರಣಿ ಬರದು, ಕೆಳಗ ಕನ್ನಡ ಕೊಟ್ಟೀನಿ. ಒಂದೂ ಕಟ್ಟಿದ ಮಾತಿಲ್ಲ.”

ಸೋಮವಾರ ಕೊಟ್ಟೂರಪ್ಪನವರ ಪ್ರೆಸ್ಸಿನಲ್ಲಿ ಈ ಪುಸ್ತಕಕ್ಕೆ ಅಚ್ಚಿನ ಮೊಳೆ ಜೋಡಿಸುವುದು ಶುರುವಾಗಬೇಕಿತ್ತು. ಅವತ್ತು ಶನಿವಾರ.

“ನಮ್ಮವ್ವಗ ಓದಾಕ ಬರಂಗಿಲ್ಲ” ಎಂದು ಟೀಚರು ಸೆರಗಿನಿಂದ ಕಣ್ಣೊರೆಸಿಕೊಂಡರು. “ಪುಸ್ತಕದ ಮ್ಯಾಲೆ ನನ್ನ ಹೆಸರು ಓದಬೇಕು ಅಂತ ನನ್ನ ಹೆಸರಿನ ಅಕ್ಷರ ಅಷ್ಟೇ ಕಲ್ತಾಳ. ಆಕಿಗೆ ನಾನು ಏನಂತ ಹೇಳ್ಲಿ?”

ನನಗೆ ಸಿಟ್ಟು ಬಂತು. ಯಾರಪ್ಪಾ ಆ ಕಳ್ಳ? ಅವನ ಕೈ ಬಿದ್ದುಹೋಗಲಿ!

ಹುಲುಗಪ್ಪ ಹೊದಿಕೆಯನ್ನು ಒಳಹೊರಗು ಮಾಡಿ ನೋಡುತ್ತಿದ್ದ. ಒಂದು ಅಂಚಿನಲ್ಲಿ ಕರೀ ಬಟ್ಟೆಯ ತುಂಡು. ಒಳಗೆ ಹೊಲಿಗೆಯ ಪಕ್ಕ ಚಿಕ್ಕದೊಂದು ಹಳದಿ ದಾರದ ಗಂಟು. ಅದನ್ನು ಹೆಬ್ಬೆರಳಿನಿಂದ ಸವರಿ ಅವನು ಸಣ್ಣಗೆ ನಕ್ಕ. ನಗುವ ಹೊತ್ತೇ ಅದು?

“ಪುಸ್ತಕದ ಸುದ್ದಿ ಯಾರ‍್ಯಾರಿಗೆ ಗೊತ್ತಿತ್ತು?”

“ಇಬ್ಬರಿಗೇ. ಕೊಟ್ಟೂರಪ್ಪನವರು, ಮತ್ತ ಸಿರುಗುಪ್ಪದ ಮರಿಬಸಪ್ಪ ಮಾಸ್ತರು. ಅವರದು ಅಲ್ಲೊಂದು ಟ್ಯುಟೋರಿಯಲ್ ಐತಿ. ಹದಿನೈದು ದಿನದ ಹಿಂದ, ನಾನು ಕುರುಗೋಡಿಗೆ ಸಾಲಿಗೆ ಹೋದಾಗ, ಇಬ್ಬರೂ ಬ್ಯಾರೆ ಬ್ಯಾರೆ ದಿನ ನಮ್ಮ ಸತ್ಯನಾರಾಯಣಪೇಟಿ ಮನಿಗೆ ಬಂದಿದ್ರಂತ.”

“ಅವ್ವಾರು ಇಬ್ಬರನ್ನೂ ಒಬ್ಬಂಟಿ ಬಿಟ್ಟಿದ್ರೇನು?”

“ಮಜ್ಜಿಗಿ ತರಾಕ ಒಳಗ ಹೋಗ್ಯಾಳ. ಟ್ರಂಕಿಗೆ ಕೀಲಿ ಇರಲಿಲ್ಲ.”

“ಹದಿನೈದು ದಿನ ನೀವು ನೋಡಲಿಲ್ಲೇನು?”

“ದಿನಾ ನೋಡ್ತಿದ್ದೆ! ಕೆಂಪು ಹೊದಿಕಿ ಕಾಣ್ತಿತ್ತು, ಪುಸ್ತಕ ಐತಿ ಅಂತ ಟ್ರಂಕು ಮುಚ್ತಿದ್ದೆ. ಇವತ್ತ ಪ್ರೆಸ್ಸಿಗೆ ಒಯ್ಯಾಕ ಅಂತ ತಗದಾಗ ಗೊತ್ತಾತು.”

“ಕಳ್ಳ ಶಾಣ್ಯಾ ಅದಾನ” ಎಂದ ಹುಲುಗಪ್ಪ. ಹೊದಿಕೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡ. “ಹೊದಿಕಿ ಬಿಟ್ಟು ಹೋಗ್ಯಾನ. ಅಲ್ಲೇ ಸಿಕ್ಕೊಂಡಾನ. ನಡೀರಿ ಪ್ರೆಸ್ಸಿಗೆ.”

ದಾರಿಯುದ್ದಕ್ಕೂ ನಾನು ಕೊಟ್ಟೂರಪ್ಪನೇ ಕಳ್ಳ ಎಂದು ವಾದಿಸಿದೆ. ಅಚ್ಚುಕೂಟ ಅವನದು, ಮಸಿ ಅವನದು, ಇನ್ನೇನು ಬೇಕು?

ಪ್ರೆಸ್ಸಿನ ಬಾಗಿಲಲ್ಲೇ ನನ್ನ ವಾದ ಮುಗಿಯಿತು. ಕೊಟ್ಟೂರಪ್ಪನವರ ಎದುರು ಮರಿಬಸಪ್ಪ ಮಾಸ್ತರು ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಮೇಜಿನ ಮೇಲೆ ದಪ್ಪನೆಯ ಕಾಗದದ ಕಟ್ಟು.

“ಬರ್ರಿ ಟೀಚರಮ್ಮ” ಎಂದರು ಕೊಟ್ಟೂರಪ್ಪ. “ನಿಮ್ಮಂಥದೇ ಪುಸ್ತಕ ಮಾಸ್ತರೂ ಬರದಾರ ನೋಡ್ರಿ. ನೀವೂ ತಂದೀರೇನು?”

ದಾಕ್ಷಾಯಣಮ್ಮ ಎರಡು ಹಾಳೆ ತಿರುವಿದರು. “ಇದು ನಂದು! ಕೈಬರಹ ಅವರದು, ಮಾತು ಎಲ್ಲಾ ನನ್ನವು!”

“ನಿಮ್ಮವಾ?” ಮಾಸ್ತರು ನಕ್ಕರು. “ನನ್ನ ನೋಟ್ಸ್ ನೋಡಿ ಪಾಠ ಕಲ್ತಾಕಿ ನೀನು. ಈಗ ನನಗ ತಿರುಗಿ ಬೀಳ್ತೀಯೇನು? ನಿನ್ನ ಪುಸ್ತಕ ಎಲ್ಲೈತಿ? ತೋರ್ಸು!”

ತೋರಿಸುವುದಕ್ಕೆ ಏನಿತ್ತು? ಖಾಲಿ ಹಾಳೆ. ಕೊಟ್ಟೂರಪ್ಪ ತಲೆ ಕೆರೆದುಕೊಂಡರು. “ಇಂಗ್ಲಿಷ್ ನನಗ ಕಬ್ಬಿಣದ ಕಡ್ಲಿ. ಇಬ್ಬರೂ ನಂದೇ ಅಂದ್ರ ಯಾರ ಹೆಸರು ಹಾಕ್ಲಿ? ಕಣ್ಣ ಮುಂದ ಇರೋದು ಮಾಸ್ತರದು…”

“ಸ್ವಲ್ಪ ತಡೀರಿ ಯಜಮಾನ್ರ” ಎಂದ ಹುಲುಗಪ್ಪ. “ಟೀಚರಮ್ಮ, ನೀವು ಹೊರಗ ನಿಂದರ್ರಿ. ಎರ್ರಿಸ್ವಾಮಿ, ಬಾಗಿಲ ಮುಚ್ಚು.”

ಟೀಚರು ನಡುಬೀದಿಯಲ್ಲಿ ಕೈಬಿಟ್ಟವರನ್ನು ನೋಡುವಂತೆ ನನ್ನನ್ನು ನೋಡಿ ಹೊರಗೆ ಹೋದರು. ನಾನು ಬಾಗಿಲು ಮುಚ್ಚಿದೆ.

“ಮಾಸ್ತರ, ಈ ಉದಾಹರಣಿ ಎಲ್ಲಾ ಖರೇ ನಡದದ್ದೋ, ಸುಮ್ನ ಕಟ್ಟಿದ್ದೋ?”

“ಮುನ್ನುಡಿ ಓದು. ‘ಒಂದೂ ಕಟ್ಟಿದ ಮಾತಿಲ್ಲ, ಎಲ್ಲಾ ನನ್ನ ಮನೆಯವು’ ಅಂತ ಬರದೀನಿ. ಅದೇ ಈ ಪುಸ್ತಕದ ಹೆಚ್ಚಗಾರಿಕಿ!”

ಹುಲುಗಪ್ಪ ‘ಬದಲು’ ಎಂಬ ಪಾಠ ತೆಗೆದು ಕೆಳಗಿನ ಕನ್ನಡವನ್ನು ನಿಧಾನವಾಗಿ ಓದಿದ. “ಆಲ್ಟರ್: ನನ್ನ ತಂಗಿ ಬೆಳೆದಂತೆ ದರ್ಜಿ ಅವಳ ಕೆಂಪು ಕುಪ್ಪಸವನ್ನು ಎರಡು ಸಲ ಆಲ್ಟರ್ ಮಾಡಿದ, ಪ್ರತಿ ಸಲ ಒಂದು ಹಳದಿ ಗಂಟು ಬಿಚ್ಚಿದ. ರಿಪ್ಲೇಸ್: ಹರಿದ ತೋಳಿನ ಜಾಗಕ್ಕೆ ಕರೀ ತೋಳು ಹಚ್ಚಿದ. ಕನ್ವರ್ಟ್: ಕೊನೆಗೆ ಆ ಕುಪ್ಪಸ ಈ ಪುಸ್ತಕದ ಹೊದಿಕೆಯಾಯಿತು.” ತಲೆ ಎತ್ತಿದ. “ಈ ಹೊದಿಕಿ ಎಲ್ಲೈತ್ರೀ ಮಾಸ್ತರ?”

ಮಾಸ್ತರು ಕಾಲು ಕೆಳಗಿಳಿಸಿದರು. “ಅದಾ… ಗೆದ್ದಲು ಹಿಡೀತು. ಒಗದುಬಿಟ್ಟೆ.”

“ಹೋಗ್ಲಿ. ಹಳದಿ ಗಂಟು ಯಾಕ ಇತ್ತು?”

“ಯಾಕ ಅಂದ್ರ? ದೃಷ್ಟಿ ತಾಕಬಾರದು ಅಂತ ಹಾಕಿದ್ದು.”

“ಮತ್ತ ಆಲ್ಟರ್ ಮಾಡಿದಾಗೆಲ್ಲ ದರ್ಜಿ ಬಿಚ್ಚಿದ್ದು ಯಾಕ?”

“ದೊಡ್ಡಾಕಿ ಆದಂಗ ದೃಷ್ಟಿ ಭಯ ಕಡಿಮಿ ಆಗ್ತೈತಲ್ಲೋ!”

ಕೊಟ್ಟೂರಪ್ಪ ಹೌದೆಂಬಂತೆ ತಲೆದೂಗಿದರು. ನನಗೂ ಹಾಗೇ ಅನ್ನಿಸಿತು. ಮುಗೀತು, ಟೀಚರ ಒಂಬತ್ತು ವರ್ಷ ನೀರುಪಾಲು!

“ಟೀಚರಮ್ಮನ ಕರಿ” ಎಂದ ಹುಲುಗಪ್ಪ.

ಅವರು ಒಳಗೆ ಬಂದರು. ಅದೇ ಪ್ರಶ್ನೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

“ಗಂಟಾ? ಒಳಗ ಎಷ್ಟು ಬಟ್ಟಿ ಮಡಚಿಟ್ಟಾರ ಅನ್ನಾಕ ಅದು ಗುರುತು. ಒಂದು ಗಂಟಿಗೆ ಒಂದು ಬೆರಳು ಬಟ್ಟಿ. ಮೊದಲು ಮೂರು ಗಂಟಿದ್ವು. ನಾನು ಎಂಟನೇ ಕ್ಲಾಸಿಗೆ ಹೋದಾಗ ಒಂದು ಬೆರಳು ಬಿಚ್ಚಿಸಿದ್ವಿ, ಒಂದು ಗಂಟು ಹೋತು. ಹತ್ತನೇ ಕ್ಲಾಸಿಗೆ ಇನ್ನೊಂದು. ಈಗ ಒಂದು ಉಳದೈತಿ. ಒಳಗಿನ್ನೂ ಒಂದು ಬೆರಳು ಬಟ್ಟಿ ಐತಿ.”

“ದೃಷ್ಟಿಗೆ ಅಲ್ಲೇನು?” ಎಂದರು ಕೊಟ್ಟೂರಪ್ಪ.

“ದೃಷ್ಟಿಗೆ ಯಾವ ದರ್ಜಿ ಗಂಟು ಹಾಕ್ತಾನ್ರೀ?” ಅಳುತ್ತಿದ್ದ ಟೀಚರಿಗೂ ನಗು ಬಂತು.

“ಇವರೇ ಹೇಳಿಕೊಟ್ಟಾರ!” ಮಾಸ್ತರು ಎದ್ದು ನಿಂತರು. “ದರ್ಜಿ, ಟೀಚರು ಒಂದಾಗ್ಯಾರ!”

“ಬಾಯಿಮಾತು ಬ್ಯಾಡ ಅಂತೀರಾ? ಆತು.” ಹುಲುಗಪ್ಪ ಚೀಲದಿಂದ ಕೆಂಪು ಹೊದಿಕೆ ತೆಗೆದು ಮೇಜಿನ ಮೇಲೆ ಹರಡಿದ. “ಕರೀ ತೋಳಿನ ತುಂಡು ಇಲ್ಲೈತಿ. ಯಜಮಾನ್ರ, ಎರಡು ಸಾಲು ಹಳೇ ಸೂಜಿ ತೂತು ನೋಡ್ರಿ. ಎರಡು ಸಲ ಬಿಚ್ಚಿ ಹೊಲ್ದದ್ದು. ಹಳದಿ ಗಂಟು ಒಂದೇ ಒಂದು. ಈಗ ಈ ಬ್ಲೇಡು ನೀವೇ ಹಿಡೀರಿ. ಈ ಹೊಲಿಗಿ ಬಿಚ್ಚಿರಿ.”

ಕೊಟ್ಟೂರಪ್ಪ ಕನ್ನಡಕ ಏರಿಸಿಕೊಂಡು ಹೊಲಿಗೆ ಬಿಚ್ಚಿದರು. ಮಡಿಕೆ ತೆರೆಯಿತು. ಹೊರಗಿನ ಬಟ್ಟೆಯ ಬಣ್ಣ ಬಿಸಿಲಿಗೆ ಮಾಸಿತ್ತು. ಒಳಗಿನಿಂದ ಹೊಸ ಕುಂಕುಮದಂಥ ಕೆಂಪು ಪಟ್ಟಿ ಹೊರಬಂತು. ಕೊಟ್ಟೂರಪ್ಪ ಅದರ ಮೇಲೆ ತಮ್ಮ ಬೆರಳಿಟ್ಟು ಅಳೆದರು. ಸರಿಯಾಗಿ ಒಂದು ಬೆರಳು!

“ಬ್ಯಾರೆ ದರ್ಜಿ ಯಾರೂ ಹಿಂಗ ಗಂಟು ಹಾಕಂಗಿಲ್ಲ” ಎಂದ ಹುಲುಗಪ್ಪ. “ಈ ಕುಪ್ಪಸ ಹೊಲ್ದಾಂವ ನಾನೇ. ಮಾಸ್ತರ, ಟ್ರಂಕಿನಿಂದ ಪುಸ್ತಕ ಎಳಕೊಂಡು, ಖಾಲಿ ಪುಸ್ತಕಕ್ಕ ಹೊದಿಕಿ ಹಾಕಿ ಅಲ್ಲೇ ಬಿಟ್ರಿ, ಕಳುವು ಲಗೂ ಗೊತ್ತಾಗಬಾರದು ಅಂತ. ಆಮ್ಯಾಲೆ ‘ಈ ಪುಸ್ತಕದ ಹೊದಿಕೆ’ ಅಂತ ನೀವೇ ನಿಮ್ಮ ಕೈಲೆ ನಕಲು ಮಾಡಿದ್ರಿ. ‘ನಾನು’ ಅಂತಿದ್ದದ್ದನ್ನ ‘ನನ್ನ ತಂಗಿ’ ಅಂತ ಆಲ್ಟರ್ ಮಾಡಾಕ ತಿಳೀತು. ಗಂಟಿನ ಅರ್ಥ ಮಾತ್ರ ತಿಳೀಲಿಲ್ಲ. ಕಳ್ಳ ನೀವೇ!”

ಕೊಟ್ಟೂರಪ್ಪ ಮೇಜು ಗುದ್ದಿದರು. “ಥೂ! ಸರಸ್ವತಿ ಮನ್ಯಾಗ ಕನ್ನ ಹಾಕ್ತೀಯೇನಲೇ? ಮೂಲ ಪುಸ್ತಕ ಎಲ್ಲಿಟ್ಟಿ?”

“ಸಿರುಗುಪ್ಪದ ಮನ್ಯಾಗ… ಅಕ್ಕಿ ಚೀಲದಾಗ” ಎಂದರು ಮಾಸ್ತರು, ತಲೆ ಎತ್ತದೆ.

ಮಧ್ಯಾಹ್ನದ ಬಸ್ಸಿಗೆ ಮಾಸ್ತರನ್ನು ನಡುವೆ ಕೂರಿಸಿಕೊಂಡು ಸಿರುಗುಪ್ಪಕ್ಕೆ ಹೋದೆವು. ಅಕ್ಕಿಯ ಹುಡಿ ಮೆತ್ತಿದ ನೋಟ್‌ಬುಕ್ಕು ಕೆಂಪು ಹೊದಿಕೆಯೊಳಗೆ ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ ಕೂತಿತು. ದಾಕ್ಷಾಯಣಮ್ಮ ಅದನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಬಳ್ಳಾರಿಯವರೆಗೂ ನಗುತ್ತಲೇ ಬಂದರು. ಅಷ್ಟೊತ್ತಿಗಾಗಲೇ ಇಪ್ಪತ್ತು ವರ್ಷದಿಂದ ಹುಲುಗಪ್ಪನಿಗೆ ತಿಂಗಳಿಗೊಂದು ಹಳದಿ ದಾರದ ರೀಲು ಮಾರುತ್ತಿದ್ದೆ. ಕರೀ ಕೋಟು ಹೊಲಿಯುವಾಗಲೂ ಹಳದಿ ಯಾಕೆ ಎಂದು ಒಮ್ಮೆಯಾದರೂ ಕೇಳಿದ್ದರೆ, ಅವತ್ತು ನಾನೇ ಪತ್ತೇದಾರನಾಗುತ್ತಿದ್ದೆ!

ಜೂನ್ ತಿಂಗಳಲ್ಲಿ ಪುಸ್ತಕ ಬಂತು. ಮೊದಲ ಪ್ರತಿಯನ್ನು ಕೊಟ್ಟೂರಪ್ಪನವರೇ ಸತ್ಯನಾರಾಯಣಪೇಟೆಗೆ ತಂದರು. ಟೀಚರ ಅವ್ವ ಚನ್ನಬಸಮ್ಮನವರು ಕಟ್ಟೆಗೆ ಬಂದು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟರು. “ದಾ… ಕ್ಷಾ… ಯ… ಣ… ಮ್ಮ.” ಆಮೇಲೆ ಇಡೀ ಓಣಿಗೆ ಕೇಳುವಂತೆ ಕೂಗಿದರು.

“ಓದಿದೆ! ನನ್ನ ಮಗಳ ಹೆಸರು ನಾನೇ ಓದಿದೆ!”