ನಾಳೆ ಬರುವ ಗಂಡ

"ಒಬ್ಬರೇನಾ?"

ಕೇಳಿದ್ದು ಅಷ್ಟೇ. ಗಾನವಿಯ ಎದೆ ಧಸಕ್ಕೆಂದಿತು!

ಕಾರವಾರದ ಆಚೆಯ ಮೀನುಗಾರರ ಹಳ್ಳಿ. ಸಮುದ್ರಕ್ಕೆ ಮುಖ ಮಾಡಿದ್ದ ಪುಟ್ಟ ಬಾರು, ಅದರ ಮೇಲೆ ಬಾಡಿಗೆಗೆ ಮೂರು ಕೋಣೆ. ಹಾಗೆ ಕೇಳಿದ ಒಡತಿ ವಾಸಂತಿಯಕ್ಕ ಕೀಲಿ ಹಿಡಿದು ನಗುತ್ತಿದ್ದಳು. ಆದರೆ ಗಾನವಿಗೆ ಕಂಡದ್ದು ಗ್ಲಾಸು ಹಿಡಿದೇ ತಿರುಗಿ ನೋಡಿದ ಆರೇಳು ಗಂಡಸರು ಮಾತ್ರ.

"ಇಲ್ಲ! ನನ್ನ ಹಸ್ಬೆಂಡ್ ಪವನ್ ನಾಳೆ ಬರ್ತಾರೆ."

ಅವಳಿಗೆ ಗಂಡನಿರಲಿಲ್ಲ.

ದೆಹಲಿಯ ಮುನಿರ್ಕಾದಲ್ಲಿ ನಾಲ್ಕು ವರ್ಷ ಒಂಟಿಯಾಗಿ ಬದುಕಿ ಕಲಿತ ಸುಳ್ಳು ಅದು. ಬಾಡಿಗೆ ಕೋಣೆಯ ಬಾಗಿಲ ಹೊರಗೆ ಒಂದು ಜೊತೆ ಗಂಡಸರ ಹಳೆಯ ಬೂಟು ಇಟ್ಟಿದ್ದಳು. ಕ್ಯಾಬ್ ಹತ್ತಿದರೆ ಫೋನನ್ನು ಕಿವಿಗಿಟ್ಟು, "ಹಾಂ ಪವನ್, ಹತ್ತೇ ನಿಮಿಷ," ಎನ್ನುತ್ತಿದ್ದಳು. ಆ ಕಡೆ ಯಾರೂ ಇರುತ್ತಿರಲಿಲ್ಲ. ಚಳಿಗಾಲದ ಹೊಗೆಯಿಂದ ಪಾರಾಗಲು ಐದು ದಿನ ರಜೆ ಹಾಕಿ ಬಂದರೆ, ಪವನ್ ಇಲ್ಲಿಗೂ ಹಿಂಬಾಲಿಸಿದ್ದ!

"ದಿಲ್ಲಿಯಿಂದ ಬಂದ್ರೇನ್ರೀ?" ಅವಳ ಬ್ಯಾಗಿಗೆ ಅಂಟಿದ್ದ ವಿಮಾನದ ಚೀಟಿ ನೋಡಿ ಪಕ್ಕದಲ್ಲಿದ್ದವನು ಕೇಳಿದ. "ನಾನೂ ಅಲ್ಲೇರೀ, ಫರೀದಾಬಾದ್. ಗೇರ್ ಮಾಡೋ ಫ್ಯಾಕ್ಟರಿಯೊಳಗ ಇಂಜಿನಿಯರ್. ಮಹಂತೇಶ್ ಅಂತ."

ನಗುವ ಕಣ್ಣುಗಳು. ಅದಕ್ಕೇ ಅವಳಿಗೆ ಇನ್ನಷ್ಟು ಗಾಬರಿ.

"ನಾವು... ಘಾಜಿಯಾಬಾದ್." ಇನ್ನೊಂದು ಸುಳ್ಳು ಹೇಳಿ ಮೆಟ್ಟಿಲು ಹತ್ತಿಬಿಟ್ಟಳು.

ಅಲ್ಲಿ ಎಲ್ಲರಿಗೂ ಒಂದೇ ಉದ್ದನೆಯ ಮೇಜು. ಊರ ಮೀನುಗಾರರು, ಕೋಣೆಯ ಅತಿಥಿಗಳು, ಎಲ್ಲರೂ ಅಲ್ಲೇ ಊಟಕ್ಕೆ ಕೂರಬೇಕು. ಮರುದಿನ ವಾಸಂತಿಯಕ್ಕ ಗಾನವಿಯ ಪಕ್ಕದಲ್ಲಿ ಒಂದು ಸ್ಟೀಲ್ ತಟ್ಟೆಯನ್ನು ಬೋರಲು ಹಾಕಿದಳು.

"ಇದೇನಕ್ಕಾ?"

"ನಿನ್ನ ಗಂಡಂದು. ದೋಣಿ ತಗೊಂಡು ಹೋದವರು ಬರೋ ತನಕ ನಮ್ಮ ಮನೇಲಿ ಅವರ ತಟ್ಟೆ ಹೀಗೇ ಇಡ್ತೇವೆ. ಆ ಜಾಗದಲ್ಲಿ ಬೇರೆಯವರು ಕೂರೋ ಹಾಗಿಲ್ಲ."

ಮಹಂತೇಶ್ ತಟ್ಟೆಯ ಆಚೆಗಿನ ಕುರ್ಚಿಯಲ್ಲಿ ಕೂತ.

"ಪವನ್ ಅವ್ರು ಸಿಗಡಿ ತಿಂತಾರೇನ್ರೀ?"

"ತಿಂತಾರೆ..."

"ಅಚ್ಛಾ. ಹಂಗಾದ್ರ ಲಗೂನ ಬರಾಕ ಹೇಳ್ರಿ. ಇಲ್ಲಾಂದ್ರ ಅವರ ಪಾಲು ನನಗ."

ಮೇಜಿಗೆ ಮೇಜೇ ನಕ್ಕಿತು. ಗಾನವಿಯೂ ನಕ್ಕಳು. ಹೀಗೆ ಹತ್ತು ಜನರ ನಡುವೆ ಕೂತು ಉಂಡು ಎಷ್ಟು ಕಾಲವಾಗಿತ್ತು!

ಬೆಳಗಿನ ಹೊತ್ತು ಇಬ್ಬರೂ ದಂಡೆಯ ಮೇಲೆ ನಡೆಯುತ್ತಿದ್ದರು. ಅವನು ಯಾವಾಗಲೂ ಎರಡು ಮಾರು ದೂರ.

"ಭಾನುವಾರ ಕಾಲ್ಕಾಜಿಯೊಳಗ ಮೆಟ್ರೋ ಬದಲಿಸಿ ಮುನಿರ್ಕಾಕ್ಕ ಹೋಗ್ತೀನ್ರೀ. ಅಲ್ಲಿ ನಮ್ಮವರದೊಂದು ಇಡ್ಲಿ ಅಂಗಡಿ ಐತಿ."

"ಇಡ್ಲಿಗೋಸ್ಕರ ಅಷ್ಟು ದೂರಾನಾ?"

"ಇಡ್ಲಿ ಅಷ್ಟಕ್ಕಷ್ಟೇ. ಕನ್ನಡ ಕಿವಿಗೆ ಬೀಳ್ತದಲ್ಲ, ಅದಕ್ಕ."

ಆ ಅಂಗಡಿ ಅವಳ ಕೋಣೆಯಿಂದ ಮೂರೇ ಗಲ್ಲಿ! ಮಾತು ತುದಿನಾಲಿಗೆಗೆ ಬಂತು... ನುಂಗಿಕೊಂಡಳು.

ನಾಲ್ಕನೆಯ ಸಂಜೆ ಜಗುಲಿಯಲ್ಲಿ ಕೂತು ಗಟ್ಟಿ ಮನಸ್ಸು ಮಾಡಿದಳು. 'ಇವತ್ತು ಹೇಳಿಬಿಡ್ತೀನಿ.' ಅಷ್ಟರಲ್ಲಿ ಹಿಂದೆ ಅವನ ಹೆಜ್ಜೆ ಸಪ್ಪಳ. ಧೈರ್ಯ ಉಡುಗಿಹೋಯಿತು. ಕೈ ತಾನಾಗಿಯೇ ಫೋನನ್ನು ಕಿವಿಗೆ ಒಯ್ದಿತು.

"ಹಾಂ ಪವನ್... ನಾಳೆ ಖಂಡಿತ ಬರ್ತೀರಲ್ವಾ?"

ತಿರುಗಿದಾಗ ಮಹಂತೇಶ್ ಎರಡು ಗ್ಲಾಸು ಕೋಕಂ ಶರಬತ್ತು ಹಿಡಿದು ನಿಂತಿದ್ದ. ಒಂದನ್ನು ಅವಳ ಮುಂದಿಟ್ಟ. ಇನ್ನೊಂದನ್ನು ಹಿಡಿದು ಒಳಗೆ ಹೋದ.

ಬೆಳಿಗ್ಗೆ ಅವನ ಕೋಣೆ ಖಾಲಿ.

"ಮೊದಲ ಬಸ್ಸಿಗೇ ಹೋದ. ತಿಂಡಿಯೂ ಬೇಡ ಅಂದ," ಎಂದಳು ವಾಸಂತಿಯಕ್ಕ. "ನಿನ್ನ ಗಂಡನಿಗೆ ಫೋನ್ ಮಾಡೋದಿದ್ರೆ ಪೇಟೆಗೇ ಹೋಗ್ಬೇಕು ನೋಡು. ಟವರ್ ಕೆಟ್ಟು ಮೂರು ದಿನ ಆಯ್ತು."

ಗಾನವಿ ಕಲ್ಲಾದಳು. ಹಾಗಾದರೆ ನಿನ್ನೆ ಸಂಜೆ ಅವನಿಗೆ ಎಲ್ಲವೂ ತಿಳಿದಿತ್ತು!

ಮೂರು ದಿನದಿಂದ ಫೋನು ಸತ್ತಿದ್ದರೂ ಅವಳ ಗಮನಕ್ಕೆ ಬಂದಿರಲಿಲ್ಲ. ಯಾರಾದರೂ ಕರೆ ಮಾಡುವವರಿದ್ದರೆ ತಾನೇ...

"ಅಕ್ಕಾ, ಯಾರೂ ಬರಲ್ಲ. ನನಗೆ ಮದುವೆನೇ ಆಗಿಲ್ಲ."

"ಗೊತ್ತಿತ್ತು ಮಗಳೇ. ಕಾಯೋರು ರಸ್ತೆ ನೋಡ್ತಾರೆ. ನೀನು ಒಂದಿನಾನೂ ನೋಡಲಿಲ್ಲ."

"ಮತ್ತೆ ತಟ್ಟೆ ಯಾಕೆ ಇಟ್ರಿ?"

"ಬರ್ತಾರೆ ಅಂದೆಯಲ್ಲ... ಬರಲ್ಲ ಅನ್ನೋಕೆ ನಾನ್ಯಾರು?"

ಭಾನುವಾರ. ಮುನಿರ್ಕಾದಲ್ಲಿ ಒಂಬತ್ತಾದರೂ ಬಿಸಿಲಿಲ್ಲ. ಇಡ್ಲಿ ಅಂಗಡಿಯ ಮೂಲೆಯಲ್ಲಿ ಗಾನವಿ ಕೂತಿದ್ದಳು. ಎದುರಿಗೆ ಖಾಲಿ ತಟ್ಟೆಯೊಂದನ್ನು ಬೋರಲು ಹಾಕಿದ್ದಳು. ಈ ಸಲ ಅವಳ ಕಣ್ಣು ಗಲ್ಲಿಯ ತಿರುವಿನಿಂದ ಅಲುಗಿರಲಿಲ್ಲ.

ಕೊನೆಗೂ ಬಂದ! ಅವಳನ್ನು ಕಂಡು ಬಾಗಿಲಲ್ಲೇ ನಿಂತ.

"ಘಾಜಿಯಾಬಾದ್‌ನಿಂದ ಇಷ್ಟು ದೂರ?"

"ನನ್ನ ರೂಮು ಇಲ್ಲಿಂದ ಮೂರು ಗಲ್ಲಿ. ಘಾಜಿಯಾಬಾದ್ ಅಂದಿದ್ದೂ ಸುಳ್ಳೇ."

ಅವನು ತಟ್ಟೆ ನೋಡಿದ. ಕೂರಲಿಲ್ಲ.

"ಟವರ್ ಇಲ್ಲ ಅಂತ ನಿಮಗೆ ಗೊತ್ತಿತ್ತು," ಎಂದಳು ಗಾನವಿ. "ಒಂದು ಮಾತು ಕೇಳಬಹುದಿತ್ತಲ್ವಾ?"

"ಏನಂತ ಕೇಳ್ಲಿ? ನನ್ನ ದೂರ ಇಡಾಕ ಇಲ್ಲದ ಗಂಡನ್ನ ನಡುವ ಕೂರಿಸಿದ್ರಿ. ನಿಮಗ ನನ್ನ ಕಂಡ್ರ ಇಷ್ಟು ಭಯ ಅಂದ್ರ, ಪಕ್ಕದಾಗ ಕೂತು ತುತ್ತು ಹೆಂಗ ಇಳೀತದ್ರೀ? ಅದಕ್ಕ ಎದ್ದು ಬಂದೆ."

ಓಹ್! ಮದುವೆಯಾದವಳೆಂದೂ ಅಲ್ಲ, ಸುಳ್ಳುಗಾತಿಯೆಂಬ ಸಿಟ್ಟಿಗೂ ಅಲ್ಲ... ಅವಳ ಭಯ ಹೋಗಲೆಂದು ಎದ್ದು ಹೋದವನು ಇವನು!

"ಮೊದಲ ದಿನ ಎಲ್ಲರನ್ನೂ ಕಂಡು ಭಯ ಆಗಿತ್ತು," ಎಂದಳು. "ಆಮೇಲೆ ನಿಮ್ಮನ್ನ ಕಂಡ್ರೆ ಇದ್ದ ಭಯ ಹೋಯ್ತು. ನಿಜ ಹೇಳಿದ್ರೆ ನೀವು ಹೋಗಿಬಿಡ್ತೀರಿ ಅನ್ನೋ ಭಯ ಉಳೀತು. ಮೂರು ದಿನ ಬೆಳಿಗ್ಗೆ ನಿಮ್ಮ ಜೊತೆ ನಡೆದೆ... ಈಗ ಒಬ್ಬಳೇ ನಡೆಯೋಕೆ ಆಗ್ತಿಲ್ಲ ಮಹಂತೇಶ್."

ಅವನು ಎದುರಿನ ಕುರ್ಚಿಯ ಬೆನ್ನು ಹಿಡಿದ. ಆಮೇಲೆ ಮೆಲ್ಲಗೆ ಕೇಳಿದ.

"ಒಬ್ಬರೇನಾ?"

"ಹೌದು..." ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಪ್ರಶ್ನೆಗೆ ಅವಳು ನಿಜ ಹೇಳಿದಳು. "ಒಬ್ಬಳೇ."

"ಹಂಗಾದ್ರ ಕೂಡ್ಲೇನು?"

ಗಾನವಿ ಬೋರಲು ಬಿದ್ದಿದ್ದ ತಟ್ಟೆಯನ್ನು ತಿರುಗಿಸಿಟ್ಟಳು. ಅವನು ಕೂತ. ಬಿಸಿ ಇಡ್ಲಿ ಬಂತು.

"ವಾಸಂತಿಯಕ್ಕ ಫೋನ್ ಮಾಡಿ ಕೇಳಿದ್ರ ಏನಂತ ಹೇಳೋಣ್ರೀ?"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಬಂದ್ರು ಅಂತ ಹೇಳಿ... ಸ್ವಲ್ಪ ತಡವಾಯ್ತು, ಅಷ್ಟೇ."