ಪಂಪಿಗೆ ಬಿದ್ದ ಬೀಗ

ಹಾರೆ ಬಾಗಿತು. ಬೀರು ಬಾಗಲಿಲ್ಲ.

ಇನ್ನೊಮ್ಮೆ ಮೀಟಿದೆ. ಹಾರೆ ಜಾರಿ ನನ್ನ ಹಣೆಗೇ ಬಂತು... ಕೂದಲೆಳೆಯಲ್ಲಿ ತಪ್ಪಿತು!

ಮೂವತ್ತು ವರ್ಷ ಈ ಆಸ್ಪತ್ರೆಯ ಕಾವಲುಗಾರನಾಗಿ ಕಳ್ಳರನ್ನು ಹಿಡಿದವನು ನಾನು. ಈಗ ಬೆಳಗ್ಗೆ ಹನ್ನೊಂದಕ್ಕೆ, ಎಲ್ಲರ ಕಣ್ಣೆದುರಿಗೆ, ಅದೇ ಆಸ್ಪತ್ರೆಯ ಬೀರು ಒಡೆಯುತ್ತಿದ್ದೆ.

ಒಳಗಿದ್ದದ್ದು ಹೃದಯದ ಪಂಪ್. ಇಡೀ ಆಸ್ಪತ್ರೆಗೆ ಒಂದೇ. ಪೆನ್ಸಿಲಿಗಿಂತ ಸಣ್ಣದು. ತೊಡೆಯ ರಕ್ತನಾಳದಿಂದ ಏರಿಸಿ ಹೃದಯದೊಳಗೆ ಕೂರಿಸಿದರೆ ಸಾಕು, ಹೃದಯದ ಕೆಲಸವನ್ನು ಅದೇ ಹೊರುತ್ತದೆ.

ಅದರ ಬೀಗದ ಕೀ ಸ್ಟೋರ್ ಕೀಪರ್ ಕೈಯಲ್ಲಿ. ಅವರು ನನ್ನ ಭಾವ, ತಂಗಿಯ ಗಂಡ. ಎರಡು ವರ್ಷದ ಹಿಂದೆ ಪಂಪ್ ಬಂದಾಗ ಬುದ್ಧಿ ಹೇಳಿದವನು ನಾನೇ. ದಪ್ಪ ಉಕ್ಕಿನ ಬೀರು ತನ್ನಿ. ಒಂದೇ ಕೀ ಇರಲಿ. ಎಲ್ಲಿಡುತ್ತೀರೆಂದು ನನಗೂ ಹೇಳಬೇಡಿ.

ಭಾವ ಚಾಚೂ ತಪ್ಪಲಿಲ್ಲ.

ಇವತ್ತು ಹಾರ್ಟ್ ಅಟ್ಯಾಕ್ ಆಗಿ ಆಪರೇಷನ್ ಮೇಜಿನ ಮೇಲೆ ಮಲಗಿದ್ದವರು ಅದೇ ಭಾವ!

ಹಾರೆ ಬಿಸಾಡಿ ಆಪರೇಷನ್ ಕೋಣೆಗೆ ಓಡಿದೆ. ಬಾಗಿಲಲ್ಲೇ ಡಾಕ್ಟರಮ್ಮ ತಡೆದರು. ಬಿ.ಪಿ. ನೆಲ ಕಚ್ಚುತ್ತಿದೆಯಂತೆ. ಬರೀ ರಕ್ತನಾಳದ ಬ್ಲಾಕ್ ತೆಗೆದರೆ ಸಾಲದಂತೆ.

"ಮೊದ್ಲು ಅವರ ಹೃದಯಕ್ಕೆ ರೆಸ್ಟ್ ಕೊಡ್ಬೇಕು. ಒಂದೊಂದು ನಿಮಿಷಕ್ಕೂ ಒಂದಿಷ್ಟು ಸಾಯ್ತಾ ಇದೆ. ಸತ್ತಿದ್ದು ವಾಪಸ್ ಬರಲ್ಲ."

ಅವರನ್ನು ದಾಟಿ ಒಳಗೆ ಹೋಗಿ ಭಾವನ ಕಿವಿಗೆ ಬಗ್ಗಿದೆ.

"ಭಾವ, ಪಂಪಿನ ಕೀ ಎಲ್ಲಿ?"

ಕಣ್ಣು ಅರ್ಧ ತೆರೆಯಿತು. "ಫಾರಂ... ಎಲ್ಲಿ?"

"ಡಾಕ್ಟರಮ್ಮ ಸಹಿ ಹಾಕಿದಾರೆ."

"ಯಾರಿಗೆ ಪಂಪು?"

"ನಿಮಗೇ, ಭಾವ."

ಯೋಚಿಸಿದರು. ಆ ಸ್ಥಿತಿಯಲ್ಲೂ ಯೋಚಿಸಿದರು!

"ಸ್ವಂತಕ್ಕಾದ್ರೆ... ಮೇಲಿನವರ ಸಹಿ ಬೇಕಪ್ಪಾ..."

ಅಷ್ಟೇ. ಪ್ರಜ್ಞೆ ತಪ್ಪಿತು.

ಹೊರಗೆ ತಂಗಿ ಬೆಂಚಿನ ಮೇಲೆ ಕೂತಿದ್ದಳು. ಕೀ ಬಗ್ಗೆ ಕೇಳಿದೆ. ಮನೆಯ ಕಪಾಟಿನ ಕೀಯನ್ನೇ ತನಗೆ ಕೊಡದವರು, ಆಸ್ಪತ್ರೆಯ ಕೀ ಕೊಡುತ್ತಾರೆಯೇ ಎಂದಳು. ಆಮೇಲೆ ದನಿ ಒಡೆಯಿತು.

"ಅಣ್ಣಾ, ಹೇಗಾದ್ರೂ ಮಾಡು. ಆ ಮನುಷ್ಯ ಕುಂಟ್ಕೊಂಡಾದ್ರೂ ಮನೆಗೆ ಬರ್ಲಿ."

ಕುಂಟಿಕೊಂಡು...

ನನಗೆ ಓದು ಬರುವುದು ಅಷ್ಟಕ್ಕಷ್ಟೆ. ಆದರೆ ಕಂಡದ್ದು ಮರೆಯುವವನಲ್ಲ. ಭಾವ ಎಡಗಾಲು ಕುಂಟಲು ಶುರುಮಾಡಿ ಎರಡು ವರ್ಷ. ಮಂಡಿನೋವು ಎನ್ನುತ್ತಿದ್ದರು. ಶುರುವಾದದ್ದು ಪಂಪ್ ಬಂದ ವಾರವೇ. ಮನೆಯಲ್ಲಿ ಚಪ್ಪಲಿ ಹಾಕಿದರೆ ಮಾತ್ರ ನೆಟ್ಟಗೆ ನಡೆಯುತ್ತಿದ್ದರು!

"ಬೂಟೆಲ್ಲಿ?" ಎಂದೆ.

ನರ್ಸ್ ಬಟ್ಟೆ ಕತ್ತರಿಸಿ ತೆಗೆದು, ಬೂಟೂ ಸೇರಿಸಿ ಚೀಲಕ್ಕೆ ತುಂಬಿದ್ದರಂತೆ. ಗಡಿಬಿಡಿಯಲ್ಲಿ ಆ ಚೀಲ ಮಾಸಿದ ಬಟ್ಟೆಯ ಗಾಡಿಗೆ ಹೋಗಿತ್ತು. ಗಾಡಿ ಇಳಿಜಾರಿನಲ್ಲಿ ಕೆಳಗಿಳಿಯುತ್ತಿತ್ತು.

ಓಡಿದೆ. ಅರವತ್ತೆಂಟು ವಯಸ್ಸಿಗೆ ಹಾಗೆ ಓಡಬಾರದು. ಗಾಡಿಗೆ ಅಡ್ಡ ನಿಂತೆ. ಅದು ನನ್ನನ್ನು ಗೋಡೆಗೆ ಒತ್ತಿ ನಿಂತಿತು. ಪಕ್ಕೆಲುಬು ಲಟಕ್ಕೆಂದಿತು.

ಲಾಂಡ್ರಿಯವನು ನನ್ನ ಕಾಲರ್ ಹಿಡಿದ.

"ಕೈ ಹಾಕ್ಬೇಡ ಯಜಮಾನ. ಎಣಿಸಿದ್ದು ತಪ್ಪಿದ್ರೆ ಸ್ಟೋರ್ ಕೀಪರ್ ನನ್ನ ಕತ್ತು ಹಿಸುಕ್ತಾರೆ."

"ಇವತ್ತು ಅವರಿಗೆ ಪುರುಸೊತ್ತಿಲ್ಲ," ಎಂದೆ.

ಎಡ ಬೂಟು. ಅಟ್ಟೆಯ ಒಳಪದರ ಕಿತ್ತೆ. ಬೆವರಿಗೆ ಕಪ್ಪಾದ ಕೀ!

ಆರು ನಿಮಿಷದಲ್ಲಿ ಪಂಪ್ ಒಳಗೆ ಹೋಯಿತು. ಹೃದಯ ಸುಮ್ಮನೆ ಕೂತು ಬೇರೆಯವರ ದುಡಿಮೆ ನೋಡಿತು. ಆಮೇಲೆ ಬ್ಲಾಕ್ ತೆಗೆದರು. ಮೂರನೇ ದಿನ ಪಂಪ್ ಹೊರಗೆ. ಹೃದಯ ಬಹುಪಾಲು ಉಳಿದಿದೆ ಎಂದರು ಡಾಕ್ಟರಮ್ಮ.

ಕಣ್ಣು ಬಿಟ್ಟ ಭಾವ ತಂಗಿಯನ್ನು ನೋಡಿದರು, ನನ್ನ ಪಕ್ಕೆಯ ಪಟ್ಟಿ ನೋಡಿದರು. ಹಾರೆಯ ಕಥೆ ಹೇಳಿದೆ. ಬೀರುವಿಗೆ ಗೀಚು ಬಿದ್ದಿಲ್ಲ ತಾನೇ ಎಂದು ಕೇಳಿದರು.

ಇನ್ನು ಒಂದೇ ಕೀ ಸಾಲದು ಎಂದು ಡಾಕ್ಟರಮ್ಮ ಹಟ ಹಿಡಿದು ಎರಡನೆಯದನ್ನು ಮಾಡಿಸಿದರು. ಜೋಪಾನವಾಗಿಡಿ ಎಂದು ಭಾವನ ಕೈಗೇ ಕೊಟ್ಟರು.

ಈಗ ಭಾವ ಎರಡೂ ಕಾಲು ಕುಂಟುತ್ತಾರೆ.