ಮತ್ತೆ ಬಾಗಿದ ಪಟ್ಟಿ

ಡಿಸೆಂಬರ್ ಆರರ ಬೆಳಿಗ್ಗೆ ಸೆಂಡೈ ಠಾಣೆಗೆ ದೂರು ಬಂತು. ಲೋಹ ಸಂಶೋಧನಾಲಯದ ಮುಖ್ಯಸ್ಥ ಕುಮಗಾಯಿ ಅವರ ಪ್ರಕಾರ ಹೊಸ ಮಿಶ್ರಲೋಹದ ತೆಳು ಪಟ್ಟಿಯ ಸುರುಳಿ ಕಳುವಾಗಿತ್ತು. ಕಳೆದ ವಾರ ಮಡಚಿದರೂ ಮುರಿಯದ ಪಟ್ಟಿ, ನಿನ್ನೆ ಅತಿಥಿಗಳೆದುರು ಹಪ್ಪಳದಂತೆ ಪುಡಿಯಾಗಿತ್ತು. ಯಾರೋ ಅಸಲಿ ಸುರುಳಿ ಕದ್ದು ಕಸ ಇಟ್ಟಿದ್ದಾರೆ ಎಂಬುದು ಅವರ ವಾದ. ಬೀರುವಿನ ಕೀಲಿ ಇದ್ದದ್ದು ಇಬ್ಬರ ಬಳಿ: ಅದರ ಎರಕ ಹೊಯ್ದ ಯುವತಿ ಚಿದಾ ನತ್ಸುಯೊ ಮತ್ತು ಹಿರಿಯ ಸಂಶೋಧಕ ಕಕುತಾ. ತಲೆ ನರೆತ ಕಕುತಾನನ್ನು ಅನುಮಾನಿಸುವವರಾರು?

ಇನ್‌ಸ್ಪೆಕ್ಟರ್ ಒನೊದೆರಾ ಎಫ್‌ಐಆರ್ ದಾಖಲಿಸಿ, ಪಂಚನಾಮೆ ಮಾಡಿ, ಉಳಿದ ಸುರುಳಿಗೆ ಮೊಹರು ಹಾಕಿದ. ಠಾಣೆಯಲ್ಲಿ ಬೇರೆಡೆ ಜಾಗವಿಲ್ಲದೆ ಅದು ಚಳಿ ಕಾಯಿಸುವ ಒಲೆಯ ಹಿಂದಿನ ಕಪಾಟು ಸೇರಿತು.

ಒನೊದೆರಾ ಮೊದಲು ಚಿದಾಳನ್ನು ವಿಚಾರಿಸಿದ. ಕಳ್ಳಿ ಎನಿಸಿಕೊಂಡರೆ ಯಾವ ಕುಲುಮೆಯವರೂ ಅವಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ರಾಜೀನಾಮೆ ಬರೆದು ಜೇಬಿನಲ್ಲೇ ಇಟ್ಟುಕೊಂಡಿರುವುದಾಗಿ ಹೇಳಿದಳು.

"ಯಾಕೆ ಕೊಡ್ಲಿಲ್ಲ?"

"ಕಕುತಾ ಸರ್ ಬೇಡ ಅಂದ್ರು. ಒಂದ್ ವಾರ ತಡಿ, ಪಟ್ಟಿ ಎಸೀಬೇಡ ಅಂದ್ರು."

"ವಾರ ಯಾಕೆ?"

"ಕೇಳ್ಲಿಲ್ಲ."

ಹದಿಮೂರರಂದು, ಪರೀಕ್ಷೆಗೆ ಕಳಿಸಲು ಪಂಚರೆದುರು ಮೊಹರು ಒಡೆದಾಗ, ಕಾನ್‌ಸ್ಟೆಬಲ್ ಸುಗವಾರ ಪಟ್ಟಿಯ ತುದಿ ಬಗ್ಗಿಸಿ ನೋಡಿದ.

"ಸರ್, ಇದು ಮುರೀತಿಲ್ಲ."

ಪರೀಕ್ಷಕರು ಸರಳವಾಗಿ ತಿಳಿಸಿದರು. ಹರಳುಗಟ್ಟದ ಹಾಗೆ ಕ್ಷಣದಲ್ಲಿ ತಣಿಸಿದ ಇಂಥ ಲೋಹದೊಳಗೆ ಜಲಜನಕ ಹೊಕ್ಕರೆ ಅದು ಪೆಡಸಾಗಿ ಮುರಿಯುತ್ತದೆ. ಅನಿಲ ಸೋರಿ ಹೋದರೆ ಕಸುವು ಮರಳುತ್ತದೆ, ಬೆಚ್ಚಗಿದ್ದರೆ ಇನ್ನೂ ಬೇಗ. ಅಂದರೆ ಸುರುಳಿ ಅದೇ. ಕಳ್ಳತನವೇ ಆಗಿಲ್ಲ. ಯಾರೋ ಅದನ್ನು ಆಮ್ಲದಲ್ಲಿಳಿಸಿ, ವಿದ್ಯುತ್ ಹರಿಸಿ, ಜಲಜನಕ ತುಂಬಿದ್ದಾರೆ.

ಒನೊದೆರಾ ನೇರ ಕಕುತಾನ ಕೋಣೆಗೆ ನಡೆದ. ಮೇಜಿನ ಮೇಲೆ ಚಿದಾಳ ಹೆಸರಿದ್ದ ಸಿಹಿಯ ಪೆಟ್ಟಿಗೆ, ಅಲ್ಲಿನ ವಾಡಿಕೆಯಂತೆ ಕ್ಷಮೆ ಕೇಳಲು ಒಯ್ಯುವಂಥದ್ದು. ಅಂಗಡಿಯ ಮೊಹರು ಐದನೇ ತಾರೀಖಿನದು.

"ದೂರು ಬರೋಕೆ ಮುಂಚೇನೇ ತಪ್ಪೊಪ್ಪಿಗೆ ತಂದಿಟ್ಟಿದೀರಿ. ವಾರದಲ್ಲಿ ಸರಿಹೋಗುತ್ತೆ ಅನ್ನೋದು ಜಲಜನಕ ತುಂಬಿದವರಿಗಲ್ದೆ ಯಾರಿಗೆ ಗೊತ್ತು?"

ಕಕುತಾ ಉಸಿರು ಬಿಟ್ಟ; ಭಾರ ಇಳಿದವನ ಉಸಿರು. ಬೇಡಿಗೆ ತಾನೇ ಕೈ ಚಾಚಿದ.

ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಹರೆಯವೆಲ್ಲ ಸುರಿದು ಮಾಡಿದ ತನ್ನ ಮಿಶ್ರಲೋಹವನ್ನು ಈ ಹುಡುಗಿಯದು ಮೂಲೆಗೆ ತಳ್ಳಲಿತ್ತು. ಒಂದು ಪ್ರದರ್ಶನ ಕೆಟ್ಟರೆ ಸಾಕಿತ್ತು. ಕಳ್ಳತನದ ಮಾತೆದ್ದಾಗ ನಿಜ ಹೇಳಲು ಬಾಯಿ ಬರಲಿಲ್ಲ. ಜಲಜನಕವೇ ಏಕೆ ಎಂದಾಗ, ಅಷ್ಟು ಚೆನ್ನಾದ ಎರಕವನ್ನು ಪೂರ್ತಿ ಹಾಳುಮಾಡಲು ಮನಸ್ಸಾಗಲಿಲ್ಲ ಎಂದ.

ಆ ಸಂಜೆ ಚಿದಾ ಠಾಣೆಗೆ ಬಂದು, ಪರೀಕ್ಷೆಯಿಂದ ಮರಳಿದ್ದ ಸುರುಳಿಯನ್ನು ಒಮ್ಮೆ ಮುಟ್ಟಲೇ ಎಂದು ಕೇಳಿದಳು. ಪಟ್ಟಿಯನ್ನು ಎರಡಾಗಿ ಮಡಚಿದಳು. ಅದು ಮುರಿಯಲಿಲ್ಲ. ಜೇಬಿನ ಕಾಗದ ತೆಗೆದು ಒಲೆಗೆ ಹಾಕಿ, ಅಲ್ಲೇ ಕುಳಿತು ಮನಸಾರೆ ಅತ್ತಳು. ಸುಗವಾರ ಅವಳ ಪಕ್ಕದಲ್ಲಿ ಚಹಾ ಇಟ್ಟ.